ಹೆಂಡದಂಗಡಿ ತಿರುವಿನ ಸೇಬು

ಮೆಕ್ಕೆಜೋಳದ ತೆನೆ ಸುಲಿಯಲು ಸೇರಿದವರು ಕತ್ತಲಾಗುವ ಮೊದಲೇ ಏಳಬೇಕೆಂದಿದ್ದರು, ಮಳೆ ಬಿಡಲಿಲ್ಲ. ತಬಿತಾ ಅಜ್ಜಿಯ ಒಲೆಯ ಹತ್ತಿರಕ್ಕೆ ಬೆಂಚು ಎಳೆದುಕೊಂಡು ಕೂತರು. ಗಾಡಿಯಲ್ಲಿ ಬಾಲ್ಟಿಮೋರ್ ಪಟ್ಟಣಕ್ಕೆ ಹೋಗಿ ಬೆಣ್ಣೆ ಮಾರಿ ಬಂದಿದ್ದ ಸೈರಸ್ ಮಾತ್ರ ಮನೆಗೂ ಲಾಯಕ್ಕೂ ಓಡಾಡುತ್ತಿದ್ದ. ಅವನ ಕುದುರೆ ಬಂದಾಗಿನಿಂದ ಹುಲ್ಲಿಗೆ ಬಾಯಿ ಹಾಕಿರಲಿಲ್ಲ.

"ಕೂತ್ಕೊಳ್ಳೋ. ನೀನು ನಿಂತು ನೋಡಿದ್ರೆ ಅದು ತಿಂದುಬಿಡುತ್ತಾ?" ಎಂದಳು ಅಜ್ಜಿ.

"ನಿಮ್ಮ ಹುಲ್ಲೇ ಹಂಗಿದೆಯೇನೋ, ಅಜ್ಜಿ."

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. "ಪಟ್ಟಣದೊಳಗಿನ ಹಳೇ ಹಳಿ ಬೀದೀಲಿ ಬಂದ್ಯಾ?" ಎಂದು ಕೇಳಿದಳು. ಸೈರಸ್ ಹೌದೆಂದ. ಕೈಯಲ್ಲಿದ್ದ ತೆನೆಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಶುರುಮಾಡಿದಳು.

"ನಮ್ಮಣ್ಣ ಈನೊಸ್ ಆ ಬೀದೀಲೇ ಕುದುರೆ ಹೊಡೀತಿದ್ದ. ಉತ್ತರದೋರಿಗೂ ದಕ್ಷಿಣದೋರಿಗೂ ಆದ ಯುದ್ಧಕ್ಕೆ ಮುಂಚಿನ ಮಾತು. ಆಗ ಊರೊಳಗೆ ರೈಲಿನ ಎಂಜಿನ್ ಬಿಡ್ತಿರಲಿಲ್ಲ ನೋಡಿ, ಆ ತುದಿ ನಿಲ್ದಾಣದಲ್ಲಿ ಬೋಗಿ ಬಿಚ್ಚಿ, ಕುದುರೆ ಕಟ್ಟಿ, ಬೀದಿ ನಡುವಿನ ಹಳಿ ಮೇಲೆ ಈ ತುದಿ ನಿಲ್ದಾಣಕ್ಕೆ ಎಳ್ಕೊಂಡು ಬರೋದು. ಹೊಸದಾಗಿ ಆರಿಸಿಬಂದ ಅಧ್ಯಕ್ಷ ಆ ದಾರೀಲೇ ರಾಜಧಾನಿಗೆ ಹೋಗ್ಬೇಕು. ಆ ಬೀದಿಯ ಹೆಂಡದಂಗಡಿ ತಿರುವಲ್ಲಿ ಅವನನ್ನ ಮುಗಿಸ್ತೀವಿ ಅಂತ ಒಂದಷ್ಟು ಜನ ಆಣೆ ಮಾಡಿದ್ರು. ನಮ್ಮಣ್ಣನೂ ಅವರ ಜತೆ. ಅವನ ಕೆಲಸ ಇಷ್ಟೇ... ಬೋಗಿ ಆ ತಿರುವಲ್ಲಿ ಒಂದು ಗಳಿಗೆ ನಿಲ್ಲಬೇಕು.

ಲಗಾಮು ಎಳೆದ್ರೆ ನಾಳೆ ಇವನಿಗೇ ನೇಣಲ್ವಾ? ಅದಕ್ಕೇನು ಮಾಡ್ದ ಗೊತ್ತಾ? ಚಳಿಗಾಲ ಪೂರ್ತಿ, ಹೋಗ್ತಾ ಬರ್ತಾ, ಅಲ್ಲಿ ಇಳಿದು ಕುದುರೆಗಳಿಗೆ ಸೇಬು ತಿನ್ನಿಸ್ದ. ಆಮೇಲಾಮೇಲೆ ಅವು ತಾವಾಗೇ ನಿಲ್ಲೋವು. 'ನಾನೆಲ್ಲಿ ನಿಲ್ಲಿಸ್ದೆ, ಅವೇ ನಿಂತ್ವು' ಅನ್ನಬಹುದಲ್ಲ.

ಅಧ್ಯಕ್ಷ ಬರೋದು ಮಧ್ಯಾಹ್ನ ಅಂತ ಊರೆಲ್ಲ ಸಾರಿದ್ರು. ಆದ್ರೆ ಸಂಚಿನ ಸುಳಿವು ಸಿಕ್ಕವರು ಅವತ್ತು ಬೆಳಗಿನ ಜಾವದ ರೈಲಲ್ಲೇ, ಯಾರಿಗೂ ಹೇಳದೆ, ಅವನನ್ನ ಮಲಗಿಸ್ಕೊಂಡು ತಂದ್ರು. ಆ ಬೋಗಿಗೆ ಕುದುರೆ ಕಟ್ಟಿದೋನು ಯಾರು? ನಮ್ಮಣ್ಣನೇ. ಪರದೆ ಹಿಂದೆ ಯಾರು ಮಲಗಿದ್ದಾರೆ ಅಂತ ಅವನಿಗೇನು ಗೊತ್ತು. ತಿರುವು ಬಂತು... ಕುದುರೆ ನಿಂತ್ವು. ಅಂಗಡಿ ಬಾಗಿಲು ಹಾಕಿತ್ತು, ಕೊಲ್ಲೋರೆಲ್ಲ ಮನೇಲಿ ಗೊರಕೆ. ಇವನು ಕುದುರೆಗಳನ್ನ ಬೈದು, ಸೇಬು ಕೊಟ್ಟು, ಹೊಡ್ಕೊಂಡು ಹೋದ.

ಅಧ್ಯಕ್ಷ ಆಗಲೇ ರಾಜಧಾನಿ ಸೇರಿದ್ದಾನೆ, ಅದೂ ಇವನ ಬೋಗೀಲೇ, ಅನ್ನೋ ಸುದ್ದಿ ಮಧ್ಯಾಹ್ನ ಬಂತು. ಆಣೆ ಮಾಡಿದ್ದೋರು ಬಂದು ಇವನ ಕುತ್ತಿಗೆಪಟ್ಟಿ ಹಿಡಿದ್ರು. 'ನಾನು ಮಾತು ತಪ್ಪಿಲ್ಲ, ಅಲ್ಲೇ ನಿಂತಿದ್ದೆ' ಅಂದ. ಪಾಪ, ನಿಜಾನೇ ಅಂದ. 'ಓಹೋ, ನಾವು ಮಲಗಿರೋವಾಗ ನಿಂತು ಅಣಕಿಸಿ ಹೋದ್ಯಾ?' ಅಂದ್ರು. ಸಂಜೆ ಆ ತಿರುವಲ್ಲೇ, ಕುದುರೆ ನೀರು ಕುಡಿಯೋ ತೊಟ್ಟೀಲಿ ಹೆಣವಾಗಿ ಸಿಕ್ಕ. ಮುಷ್ಟಿ ಬಿಡಿಸಿದ್ದು ನಾನೇ. ಅರ್ಧ ಸೇಬು... ಕಚ್ಚಿದ ಜಾಗ ಇನ್ನೂ ಬೆಳ್ಳಗೆ, ಈಗ ತಾನೇ ಕಚ್ಚಿದ ಹಂಗೆ."

ಒಲೆಯಲ್ಲಿ ಸೌದೆ ಜಾರಿತು. ಸೈರಸ್ ಕೆಮ್ಮಿದ.

"ಇವತ್ತು ಆ ತಿರುವಲ್ಲಿ ನನ್ನ ಕುದುರೇನೂ ನಿಂತಿತ್ತು, ಅಜ್ಜಿ. ಎಷ್ಟು ಗದರಿಸಿದ್ರೂ ಕದಲಲಿಲ್ಲ. ದಣಿದಿತ್ತೇನೋ."

"ಅವನು ಪಳಗಿಸಿದ ಕುದುರೆ ಒಂದೂ ಉಳಿದಿಲ್ಲ ಕಣಪ್ಪಾ..." ಅಜ್ಜಿ ತೆನೆಯನ್ನು ಮತ್ತೆ ಕೈಗೆತ್ತಿಕೊಂಡಳು. "ಲಾಟೀನು ತಗೊಂಡು ಹೋಗಿ ಅದರ ಬಾಯಿ ಮೂಸಿ ನೋಡು ಮಗಾ. ಹುಲ್ಲು ಯಾಕೆ ಬೇಡ ಅಂತ ಗೊತ್ತಾಗುತ್ತೆ."