ಅಕ್ಕನ ಸಾಕ್ಷಿ

೧೯೯೭ರ ಒಂದು ಸಂಜೆ. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಮನೋವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಸರದಿಗೆ ಕಾಯುತ್ತಿದ್ದ ಊರ್ಮಿಳೆಗೆ ಪಕ್ಕದ ಬೆಂಚಿನಿಂದ ಕನ್ನಡ ಕೇಳಿಸಿತು. ಡಾಕ್ಟರರ ಕೋಣೆಯಿಂದ ಆಗಷ್ಟೇ ಹೊರಬಂದ ಅಕ್ಕ ಮತ್ತು ತಮ್ಮ. ತನಗೂ ಕನ್ನಡ ಬರುತ್ತದೆಂದು ತೋರಗೊಡದೆ ಅವಳು ಗುಜರಾತಿ ಪತ್ರಿಕೆಯನ್ನು ಮುಖಕ್ಕೆ ಹಿಡಿದಳು.

“ಎಂತಕ್ಕಾ, ಡಾಕ್ಟ್ರ ಹತ್ರ ಸುಳ್ಳು ಹೇಳಿದ್ದು?”

“ಎಂತ ಸುಳ್ಳು? ಶ್ರೀಪತಿ ಸಣ್ಣವನಿರುವಾಗ ಹೇಗಿದ್ದ ಅಂತ ಕೇಳಿದ್ರು. ಭಾರೀ ಚುರುಕು, ಎಲ್ಲ ಹೊತ್ತಿಗೆ ಸರಿಯಾಗಿ ಮುಗಿಸ್ತಿದ್ದ ಅಂದೆ.”

“ಅವರೆಂತ ನಂಗೆ ಹೆಣ್ಣು ಕೊಡ್ಲಿಕ್ಕೆ ಬಂದವರಾ?”

“ಮತ್ತೆ? ಹೊರಗಿನವರ ಎದುರು ನಿನ್ನನ್ನು ಸೋಮಾರಿ ಅನ್ಲಾ?”

ತಮ್ಮ ನಕ್ಕ. ನಗು ಅರ್ಧಕ್ಕೇ ನಿಂತಿತು.

“ಪ್ರಮೋಷನ್ ಫಾರ್ಮು ಮೂರು ವರ್ಷದಿಂದ ಮೇಜಿನ ಮೇಲೆ ಉಂಟು. ದಿನಾ ಬರೀಲಿಕ್ಕೆ ಕೂತ್ಕೊಳ್ತೇನೆ, ಆಗುದಿಲ್ಲ. ಇದು ಸೋಮಾರಿತನ ಅಲ್ಲ, ಗಮನ ನಿಲ್ಲದ ತೊಂದರೆ ಇರ್ಬಹುದು ಅಂತಾರೆ ಡಾಕ್ಟ್ರು. ಸಣ್ಣದರಿಂದಲೂ ಇತ್ತಾ ಅಂತ ಗೊತ್ತಾಗ್ಬೇಕಂತೆ. ಅದಕ್ಕೇ ನಿನ್ನನ್ನು ಸೂರತ್ತಿನಿಂದ ಕರೆಸಿದ್ದು. ಅಮ್ಮ ಇಲ್ಲ. ನೋಡಿದವಳು ನೀನೊಬ್ಬಳೇ.”

ಅಕ್ಕ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು.

“ಶಾಲೆಯ ಕಾಪಿ ಬರೀಲಿಕ್ಕೆ ಕೂತವನು ಗೋಡೆಯ ಇರುವೆ ನೋಡ್ತಾ ಇರ್ತಿದ್ದಿ. ಕಡೆಗೆ ನಾನೇ ಬರೆದು ಕೊಡ್ತಿದ್ದೆ. ಅದಕ್ಕೆ ಮೊದಲು ಬೆನ್ನಿಗೆ ಎರಡು ಬಿಡ್ತಿದ್ದೆ.”

“ಅದನ್ನೇ ಹೇಳು ಮಾರಾಯ್ತಿ.”

“ಹೊಡೆದದ್ದನ್ನೂ?”

“ಅದು ಬೇಕಾದ್ರೆ ಬಿಡು.”

“ಬಿಡುದಿಲ್ಲ,” ಎಂದು ಅಕ್ಕ ಎದ್ದು, ಸೆರಗಿನಿಂದ ಕಣ್ಣೊರೆಸಿಕೊಂಡಳು. “ನೀನೂ ಬಾ. ನೀನು ಸೋಮಾರಿ ಅಲ್ಲ ಅಂತ ಅವರು ಹೇಳುದಿದ್ರೆ, ನಂಗೂ ಕೇಳ್ಬೇಕು.”

ಯಾರನ್ನೂ ಕೇಳದೆ ಅವಳು ಡಾಕ್ಟರರ ಬಾಗಿಲು ತಟ್ಟಿದಳು. ಒಳಗೆ ಹೋಗುವ ಸರದಿ ಊರ್ಮಿಳೆಯದಾಗಿತ್ತು. ಅವಳು ಏಳದೆ ಪತ್ರಿಕೆಯ ಹಾಳೆ ಮಗುಚಿದಳು.