ಎದುರಿನ ಮಣೆ

ಅಧ್ಯಕ್ಷರಾದ ಭಾವುಸಾಹೇಬರೇ, ನಮ್ಮ ಸೋನಾಬಾಯಿಯನ್ನು ಕರೆದೊಯ್ಯಲು ಇಚಲಕರಂಜಿಯಿಂದ ಬಂದಿರುವ ಪದ್ಮಕುಮಾರರೇ, ಅವರ ಪತ್ನಿ ಅಲಕಾತಾಯಿಯವರೇ, ಗಡಹಿಂಗ್ಲಜದ ಹಿರಿಯರೇ, ಮುಂದಿನ ಸಾಲಿನಲ್ಲಿ ಪಿಸುಗುಡುತ್ತಿರುವ ವಿದ್ಯಾರ್ಥಿನಿಯರೇ ಮತ್ತು ಸಭಿಕರೇ,

ನಮ್ಮ ಕನ್ಯಾಶಾಲೆಯ ಮುಖ್ಯೋಪಾಧ್ಯಾಯಿನಿ ಸೋನಾಬಾಯಿ ನಾಳೆ ನಮ್ಮನ್ನು ಬಿಟ್ಟು ಹೊರಡುತ್ತಿದ್ದಾಳೆ. ಇಚಲಕರಂಜಿಯ ಶಹಾಪುರದಲ್ಲಿ ಮಗ್ಗದವರ ಹೆಣ್ಣುಮಕ್ಕಳಿಗಾಗಿ ಪದ್ಮಕುಮಾರ ದಂಪತಿ ತೆರೆದಿರುವ ವಸತಿಶಾಲೆಯನ್ನು ಅವಳು ನೋಡಿಕೊಳ್ಳಲಿದ್ದಾಳೆ. ಅವಳ ಶಿಸ್ತು, ಅವಳ ಪಾಠ, ಅವಳ ಮುತ್ತಿನಂಥ ಅಕ್ಷರ, ಇವುಗಳಲ್ಲಿ ನನಗಿಂತ ಮೊದಲು ಮಾತಾಡಿದವರು ಏನನ್ನೂ ಉಳಿಸಿಲ್ಲ. ಹಾಗಾಗಿ ನಾನು ಅವಳ ಊಟದ ಬಗ್ಗೆ ಮಾತಾಡುತ್ತೇನೆ. ನಗಬೇಡಿ. ನನ್ನ ಮೈಕಟ್ಟು ನೋಡಿದವರು ಆ ವಿಷಯದಲ್ಲಿ ನನಗೆ ಅಧಿಕಾರವಿದೆಯೆಂದು ಒಪ್ಪುತ್ತಾರೆ. ಅವಳ ಅಪ್ಪಣೆಯೂ ಇದೆ. ನಿನ್ನೆ ಕೇಳಿದಾಗ, “ಹೇಳವ್ವಾ. ಹುಡುಗ್ಯಾರು ಕೇಳ್ಲಿ” ಅಂದಳು.

ಲಿಂಗವಂತರ ಈ ಚನ್ನವ್ವ ಕೊಲ್ಹಾಪುರದ ಜೈನ ಬೋರ್ಡಿಂಗಿಗೆ ಹೇಗೆ ಹೋದಳೆಂದು ಕೆಲವರಿಗೆ ಅನಿಸಬಹುದು. ನಮ್ಮಪ್ಪ ದುಂಡಪ್ಪನವರಿಗೂ ಸೋನಾಳ ತಂದೆ ಧನಪಾಲರಿಗೂ ಬೆಲ್ಲದ ವ್ಯಾಪಾರದಲ್ಲಿ ಪಾಲುದಾರಿಕೆ. ಬೆಲ್ಲ ಒಂದೇ ಗಾಡಿಯಲ್ಲಿ ಹೋಗುತ್ತಿತ್ತು, ಹುಡುಗಿಯರೂ ಹೋಗಲಿ ಎಂದರು. ಮೂವತ್ತೆರಡನೆಯ ಇಸವಿ ಇರಬೇಕು. ಅಲ್ಲಿ ಹೊತ್ತು ಮುಳುಗುವ ಮುಂಚೆ ಊಟ, ಮುಳುಗಿದ ಮೇಲೆ ಒಂದಗುಳೂ ಇಲ್ಲ. ಜೈನರ ಆ ನಿಯಮ ನಿಮಗೆಲ್ಲ ಗೊತ್ತಿದ್ದದ್ದೇ. ಮೊದಮೊದಲು ನಾನು ಹಸಿವೆಯಿಂದ ಅತ್ತದ್ದು ಮಾತ್ರ ನಿಮಗೆ ಗೊತ್ತಿಲ್ಲ.

ಆ ವರ್ಷ ದಶಲಕ್ಷಣ ಪರ್ವದ ಹತ್ತೂ ದಿನ ಸೋನಾ ಪೂರ್ತಿ ಉಪವಾಸ ಮಾಡಿದಳು. ಬೋರ್ಡಿಂಗಿನ ಮೇಲ್ವಿಚಾರಕಿ ಹೀರಾಬಾಯಿ ಅವಳಿಗೆ ಕುಪ್ಪಸದ ಖಣ ಕೊಟ್ಟು ಉಡಿ ತುಂಬಿದರು. ದೊಡ್ಡ ದೊಡ್ಡ ಹೆಂಗಸರು ಬಂದು ಆ ಹುಡುಗಿಯ ಕಾಲು ಮುಟ್ಟಿದರು. ಧನಪಾಲರ ಕಣ್ಣು ತುಂಬಿ ಬಂತು. ಪರ್ವ ಮುಗಿಯಿತು, ಆದರೆ ಅವಳ ಉಪವಾಸ ಮುಗಿಯಲಿಲ್ಲ.

ಮೊದಲು ತುಪ್ಪ ಬಿಟ್ಟಳು, ಆಮೇಲೆ ಬೆಲ್ಲ. ಬೆಲ್ಲದ ವ್ಯಾಪಾರಿಯ ಮಗಳು ಬೆಲ್ಲ ಬಿಟ್ಟಳೆಂದು ಪೇಟೆಯೆಲ್ಲ ಹೊಗಳಿತು. ಆಮೇಲೆ ಹಾಲು, ಆಮೇಲೆ ಉಪ್ಪು. ಸಂಜೆ ಊಟದ ಗಂಟೆ ಹೊಡೆದರೆ ಸಾಕು, ಅವಳಿಗೆ ಪರೋಪಕಾರ ನೆನಪಾಗುತ್ತಿತ್ತು. ಒಬ್ಬಳಿಗೆ ಜಡೆ ಹಾಕುವಳು, ಇನ್ನೊಬ್ಬಳ ಸೀರೆ ಮಡಚುವಳು, ಎಲ್ಲರಿಗೂ ನೀರು ಸೇದುವಳು. ಅಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. “ಇನ್ನ ಉಣ್ಣಂಗಿಲ್ಲಲಾ” ಅನ್ನುವಳು. ಕೊಲ್ಹಾಪುರದಲ್ಲಿ ನಮ್ಮ ಬೋರ್ಡಿಂಗಿನಷ್ಟು ಚೆಂದದ ಜಡೆಗಳು ಎಲ್ಲಿಯೂ ಇರಲಿಲ್ಲ. ಎಂಥ ಒಳ್ಳೆಯ ಹುಡುಗಿ ಎಂದು ಎಲ್ಲರೂ ಅಂದರು, ನಾನೂ ಅಂದೆ.

ಬಳೆಗಾರ್ತಿ ಫಕೀರವ್ವ ಬಂದ ದಿನ ನನಗೆ ಭಯವಾಯಿತು. ಸೋನಾಳ ಕೈಯಲ್ಲಿ ಅವಳ ಅಳತೆಯ ಬಳೆ ನಿಲ್ಲಲಿಲ್ಲ. ಫಕೀರವ್ವ ಚಿಕ್ಕ ಮಕ್ಕಳ ಬಳೆ ತೆಗೆದಳು. ಸೋನಾ ನಕ್ಕಳು, ಬಹುಮಾನ ಗೆದ್ದವರ ಹಾಗೆ ನಕ್ಕಳು. ವ್ರತ ಹಿಡಿದವರನ್ನು ನಾನು ನೋಡಿದ್ದೆ. ಅವರು ಉಪವಾಸ ಬಿಡುವ ಪಾರಣೆಯ ದಿನಕ್ಕೆ ಕಾಯುತ್ತಾರೆ, ಉಣ್ಣುವಾಗ ನಗುತ್ತಾರೆ. ಇವಳಿಗೆ ಅನ್ನವೆಂದರೆ ಹೆದರಿಕೆ. ಅದು ಕಾಯಿಲೆ. ಅದಕ್ಕೊಂದು ಹೆಸರಿದೆಯೋ ಇಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ.

ನಾನೇನು ಮಾಡಿದೆ? ಬೈದೆ, ಆಣೆ ಹಾಕಿಸಿಕೊಂಡೆ, ಶೇಂಗಾ ಉಂಡಿ ತಂದು ಅವಳ ಟ್ರಂಕಿನಲ್ಲಿಟ್ಟೆ. ಆಣೆ ಗಾಳಿಗೆ ಹೋಯಿತು, ಉಂಡಿ ಇರುವೆಗೆ ಹೋಯಿತು. ಹೀರಾಬಾಯಿಯವರಿಗೆ ಹೇಳಿದರೆ, ಬೇರೆಯವರ ವ್ರತದಲ್ಲಿ ಬಾಯಿ ಹಾಕಬಾರದು ಎಂದರು. ಸೋನಾ ಬಾವಿಕಟ್ಟೆಯಲ್ಲಿ ತಲೆತಿರುಗಿ ಬಿದ್ದಾಗ ಎತ್ತಿಕೊಂಡು ಬಂದವರು ಅವರೇ. ಅವಳು ಎಷ್ಟು ಹಗುರವೆಂದು ಎತ್ತಿದಾಗಲೇ ಅವರಿಗೆ ತಿಳಿದಿರಬೇಕು. ಡಾಕ್ಟರರು ಬಂದು, ಜ್ವರವಿಲ್ಲ, ಕ್ಷಯವಿಲ್ಲ, ಚೆನ್ನಾಗಿ ಉಣಿಸಿರಿ ಎಂದು ಹೋದರು. ಹೇಗೆ ಉಣಿಸಬೇಕೆಂದು ಹೇಳಲಿಲ್ಲ. ಹೀರಾಬಾಯಿ ಹಾಸಿಗೆಯ ಪಕ್ಕ ಕೂತು ಒಂದೇ ಮಾತು ಕೇಳಿದರು.

“ಪಾರಣಿ ಯಾವತ್ತ, ಮಗಳ?”

ಸೋನಾ, “ಗೊತ್ತಿಲ್ರೀ. ನನಗ ನಿಲ್ಲಸಾಕ ಬರವಲ್ದು” ಅಂದಳು. ಮುಗಿಯುವ ದಿನವೇ ಇಲ್ಲದ ಉಪವಾಸಕ್ಕೆ ಉಡಿ ತುಂಬಿದೆನಲ್ಲ ಎಂದು ಹೀರಾಬಾಯಿ ಅತ್ತುಬಿಟ್ಟರು.

ಅಂದೇ ಗುಣವಾಯಿತೆಂದು ತಿಳಿಯಬೇಡಿ, ವರ್ಷಗಳೇ ಹಿಡಿದವು. ಗಂಜಿಯಿಂದ ಶುರು ಮಾಡಿದೆವು. ನಾನು ಹೊಲದ ಕಾವಲುಗಾರನ ಹಾಗೆ ಅವಳ ತುತ್ತು ಕಾಯುತ್ತಿದ್ದೆ. ಒಂದು ದಿನ ಅವಳೇ ಹೇಳಿದಳು: “ಚನ್ನೀ, ಎದುರು ಕುಂದ್ರು. ತಾಟಿನ ಕಡೆ ನೋಡಬ್ಯಾಡ.” ಅಂದಿನಿಂದ ಎದುರಿನ ಮಣೆ ನನ್ನದಾಯಿತು. ಗಣಿತದ ಮಾಸ್ತರರ ತಲೆಯ ಮೇಲಿನ ಪಟಗದ ಬಗ್ಗೆ, ಪಕ್ಕದ ಮನೆಯ ಎಮ್ಮೆಯ ಬಗ್ಗೆ, ಊಟ ಬಿಟ್ಟು ಮಿಕ್ಕೆಲ್ಲದರ ಬಗ್ಗೆ ಮಾತಾಡಿದೆ. ಗಬಗಬ ಉಣ್ಣುವ ನಾನು ನಿಧಾನ ಉಣ್ಣುವುದನ್ನು ಕಲಿತೆ. ಧನಪಾಲರು ತೀರಿಕೊಂಡ ವರ್ಷ ಕಾಯಿಲೆ ಮರಳಿತು. ಮತ್ತೆ ಮಣೆ ಹಾಕಿದೆವು. ಇಬ್ಬರೂ ಇದೇ ಶಾಲೆಗೆ ಬಂದ ಮೇಲೂ ಸಂಜೆಯ ಊಟ ಅವಳ ಎದುರು, ರಾತ್ರಿಯದು ನನ್ನ ಮನೆಯಲ್ಲಿ. ನನ್ನ ಮೈಕಟ್ಟಿನ ಗುಟ್ಟು ಈಗ ನಿಮಗೆ ತಿಳಿಯಿತು.

ಅವಳು ಇಚಲಕರಂಜಿಗೆ ಹೋಗುತ್ತಾಳೆಂದಾಗ ನಾನು ಎಲ್ಲರೆದುರು ಸಂತೋಷವೆಂದೆ. ಸಂತೋಷವಲ್ಲ, ಹೆದರಿಕೆ. ಅಲ್ಲಿ ಅವಳ ಎದುರು ಯಾರು ಕೂಡುತ್ತಾರೆ? ಹೋಗಬೇಡವೆಂದು ಜಗಳವಾಡಿದೆ. “ನೀ ಇಲ್ದ ನಾ ಉಣ್ಣೂದಿಲ್ಲಂದ್ರ, ನಾ ಇನ್ನೂ ಆ ಹಾಸಿಗ್ಯಾಗ ಮಲಗೇನಿ ಅಂದಂಗಾತು” ಅಂದಳು.

ಹುಡುಗಿಯರೇ, ನಿಮ್ಮ ಗೆಳತಿ ಉಣ್ಣದಿದ್ದರೆ ಬೈಯಬೇಡಿ, ಹೊಗಳಲೂಬೇಡಿ. ದೊಡ್ಡವರಿಗೆ ಹೇಳಿ. ಒಬ್ಬರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳಿ. ಅವಳನ್ನು ಒಂಟಿಯಾಗಿ ಕೂಡಿಸಬೇಡಿ.

ಹೇಳುವುದು ಇನ್ನೂ ಇತ್ತು. ಆದರೆ ಪಡುವಣ ಕಿಟಕಿಯ ಬಿಸಿಲು ಗೋಡೆ ಏರುತ್ತಿದೆ. ಸೋನಾಬಾಯಿ ಕೂತಲ್ಲಿಯೇ ಹಾರಗಳನ್ನು ಜೋಡಿಸುತ್ತಿದ್ದಾಳೆ, ಅತಿಥಿಗಳ ಶಾಲುಗಳನ್ನೂ ಮಡಚಿಟ್ಟಳು. ನಿಮಗೆ ಅದು ಅಚ್ಚುಕಟ್ಟುತನವಾಗಿ ಕಂಡೀತು. ನನಗೆ ಆ ಜಡೆಗಳು ನೆನಪಾಗುತ್ತಿವೆ.

ಭಾವುಸಾಹೇಬರೇ, ತಮ್ಮ ಅಧ್ಯಕ್ಷೀಯ ಭಾಷಣವನ್ನು ದೀಪ ಹಚ್ಚಿದ ಮೇಲೂ ಕೇಳಬಹುದು. ಅವಳ ಊಟ ಆಗ ಆಗುವುದಿಲ್ಲ. ಹಿಂದಿನ ಕೋಣೆಯಲ್ಲಿ ತಾಟು ಹಾಕಿದ್ದಾರೆ, ಎದುರೆದುರು ಎರಡು ಮಣೆ. ಅಲಕಾತಾಯಿ, ಇಂದು ಎದುರಿನ ಮಣೆಯಲ್ಲಿ ತಾವು ಕೂಡಬೇಕು. ಏನಾದರೂ ಮಾತಾಡಿ, ತಾಟಿನ ಕಡೆ ನೋಡಬೇಡಿ. ನಾನು ಒಳಗೆ ಬರುವುದಿಲ್ಲ.

ಏಳು ಸೋನಾ, ಹಾರ ನಾ ಜೋಡಸತೇನಿ.

ಇಷ್ಟು ಹೊತ್ತು ಕೇಳಿದ್ದಕ್ಕೆ, ಈಗ ಅವಳಿಗೆ ದಾರಿ ಬಿಡುತ್ತಿರುವುದಕ್ಕೆ, ತಮಗೆಲ್ಲ ನಾನು ಋಣಿ. ನಮಸ್ಕಾರ.