ಕಪ್ಪು ಹಿಡಿಯದ ಚಕ್ರಗಳು

"ಮುಟ್ಟಬೇಡಿ ಅಂದಿದ್ದೆ ಮಾವ! ತೊಳೆದಿಟ್ಟ ಚಕ್ರಾನ ಮಷೀನ್ ಎಣ್ಣೆ ಕೈಯಲ್ಲಿ ಯಾಕೆ ಮುಟ್ಟಿದ್ರಿ?"

"ಮುಟ್ಟಿದ್ರೆ ಸವೆದುಹೋಯ್ತಾ?"

ಕೆಮಿಕಲ್ ಅಂಗಡಿಯ ಸಾಲಿನಲ್ಲಿ ಅವರ ಹಿಂದೆ ಬ್ಯಾಟರಿ ನೀರಿಗೆಂದು ನಿಂತಿದ್ದ ಲಾರಿ ಡ್ರೈವರ್ ಕಿವಿ ನಿಮಿರಿಸಿದ. ಸೊಸೆಯ ಅಂಗೈಯಲ್ಲಿ, ಬಿಡಿಭಾಗ ಜೋಡಿಸಿ ಕಟ್ಟುವ ಪುಟ್ಟ ರೈಲಿನ ಹಿತ್ತಾಳೆ ಚಕ್ರಗಳಿದ್ದವು. ಉಳಿದೆಲ್ಲ ಕಪ್ಪಾಗಿದ್ದರೂ ಬೆರಳು ತಾಗಿದಲ್ಲಿ ಮಾತ್ರ ಹಳದಿ ಹೊಳೆಯುತ್ತಿತ್ತು.

"ಕೆಮಿಕಲ್‌ನಲ್ಲಿ ಎಷ್ಟು ಅದ್ದಿದ್ರೂ ಜಿಡ್ಡಿದ್ದ ಕಡೆ ಕಪ್ಪು ಹಿಡಿಯಲ್ಲ. ಗಿರಾಕಿ ಡಬ್ಬಿ ಸಮೇತ ವಾಪಸ್ ಕಳಿಸಿದಾನೆ. ಇನ್ನೊಂದ್ಸಲ ಹೀಗಾದ್ರೆ ಕೆಲಸಾನೇ ಕೊಡಲ್ವಂತೆ."

"ಹಾಗಾದ್ರೆ ಬಣ್ಣ ಬಳಿ."

"ಬಣ್ಣ ದಪ್ಪ ಕೂತು ಚಕ್ರ ಹಳಿ ಮೇಲೆ ಓಡಲ್ಲ. ನೀವು ನಿಮ್ಮ ಹೊಲಿಗೆ ನೋಡ್ಕೊಳ್ಳಿ, ಸಾಕು."

"ಈಗ ಹೊಲಿಸೋಕೆ ಯಾರು ಬರ್ತಾರೆ? ನೊಣ ಹೊಡೀತಾ ಕೂರಲಾ?"

ಮುದುಕನ ಪರವಾಗಿ ನಾಲ್ಕು ಮಾತು ಬಿಗಿಯಬೇಕೆಂದು ಡ್ರೈವರ್‌ಗೆ ನಾಲಿಗೆ ತುರಿಸಿತು. ತಡೆದುಕೊಂಡ.

ಮಾವ ಒಂದು ಚಕ್ರವನ್ನು ಬೆಳಕಿಗೆ ಹಿಡಿದು ನಡುವಿನ ತೂತಿನಲ್ಲಿ ಕಣ್ಣಿಟ್ಟ.

"ಅಯ್ಯೋ ಪೆದ್ದಿ, ಇದು ಅಂಗಿ ಗುಂಡಿ ಇದ್ದ ಹಾಗೇ ಇದೆಯಲ್ಲೇ! ಮೊದಲೇ ದಾರಕ್ಕೆ ಪೋಣಿಸಿ, ನಡುನಡುವೆ ಗಂಟು ಹಾಕಿಬಿಡು. ಆಮೇಲೆ ದಾರ ಹಿಡಿದೇ ತೊಳಿ, ದಾರ ಹಿಡಿದೇ ಅದ್ದು, ಹಾಗೇ ನೇತುಹಾಕು. ಮುಟ್ಟೋ ಗೋಜೇ ಇಲ್ಲ."

ಸೊಸೆ ಆ ಚಕ್ರವನ್ನು ಕಸಿದುಕೊಂಡು ತಾನೂ ತೂತಿನಲ್ಲಿ ಇಣುಕಿದಳು.

"ದಾರ ಕರಗಿದ್ರೆ?"

"ನೈಲಾನ್‌ದು ತರ್ತೀನಿ. ಒಂದು ತುಂಡು ಅದ್ದಿ ನೋಡು."

"ಪೋಣಿಸ್ತಾ ಕೂರೋಕೆ ನನಗೆ ಪುರುಸೊತ್ತಿಲ್ಲ."

"ನಿನ್ನ ಯಾರು ಕೇಳಿದ್ರು?" ಎಂದವನೇ ಮಾವ ಸಾಲು ಬಿಟ್ಟು ಹೊರಟೇಹೋದ.

ಕಪ್ಪು ಮಾಡುವ ಕೆಮಿಕಲ್ ಬಾಟಲಿ ಅವಳ ಕೈಗೆ ಬಂದರೂ ಅವನು ಮರಳಲಿಲ್ಲ. ಅವಳು ಬಾಗಿಲಿಗೆ ಹೋಗಿ ಎದುರಿನ ದಾರದಂಗಡಿಗೆ ಕೇಳುವಂತೆ ಕೂಗಿದಳು:

"ಮಾವ, ದೊಡ್ಡ ಉಂಡೆನೇ ತಗೊಳ್ಳಿ!"

ಕೂಗುತ್ತಲೇ ರಸ್ತೆ ದಾಟಿದಳು.